ಒಂದು ಊದುಬತ್ತಿ ಉರಿಯುವಷ್ಟು ಹೊತ್ತು

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನನ್ನ ಕೈಗೆ ಗೊತ್ತಿದ್ದದ್ದು ರೇಷ್ಮೆ ಎಳೆ ಮಾತ್ರ. ಅಂಥವಳ ವಿಷಯ ಈಗ ದೂರದೇಶದ ಕಂಪ್ಯೂಟರಿನವರು ಒಂದು ಸಾಲು ಬರೆದಿದ್ದಾರೆ. ಎಷ್ಟು ಜನಕ್ಕೆ ಹೇಳಿದರೂ ನನಗೆ ಸಾಕಾಗುತ್ತಿಲ್ಲ.

ಚಳ್ಳಕೆರೆಯಲ್ಲಿರುವ ಮೊಮ್ಮಗಳು ಮೊಳಕಾಲ್ಮೂರಿನ ನಮ್ಮ ಮಗ್ಗದ ಮನೆಯಲ್ಲಿ ಇಂಟರ್‌ನೆಟ್ ಪೆಟ್ಟಿಗೆಯಿಟ್ಟು, ಬೀದಿಯ ಎಂಟು ಮನೆಗೆ ಸಂಪರ್ಕ ಕೊಟ್ಟಿದ್ದಾಳೆ. ಅದೇ ಅವಳ ದುಡಿಮೆ. ಪೆಟ್ಟಿಗೆಗೆ ಎರಡು ದಾರಿ: ನೀಲಿ ವೈರಿನದು ದೊಡ್ಡದು, ಟವರಿನದು ಸಣ್ಣದು. ಯಾವಾಗ ಯಾವ ದಾರಿ ಹಿಡಿಯಬೇಕೆಂದು ಹೇಳುವ ಸಾಫ್ಟ್‌ವೇರನ್ನು ಯಾರೋ ಪುಣ್ಯಾತ್ಮರು ಸೇರಿ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದಾರಂತೆ.

ತಿಂಗಳಿಗೊಮ್ಮೆ ಅದು ಕೈಕೊಡುತ್ತಿತ್ತು. ಸೀರೆ ತೋರಿಸಲು ವಿಡಿಯೊ ಕಾಲ್ ಮಾಡಿದರೆ ಗಿರಾಕಿಯ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಮೊಮ್ಮಗಳು ಬಸ್ಸು ಹತ್ತಿ ಬಂದು, ಪೆಟ್ಟಿಗೆ ಆರಿಸಿ ಹಚ್ಚಿದರೆ ಸರಿಹೋಗುತ್ತಿತ್ತು. ಕೊನೆಗೆ ಎದುರುಮನೆಯಾಕೆ ತನ್ನ ಮನೆಗೆ ಎಳೆದಿದ್ದ ವೈರು ಕಿತ್ತು, ಸುತ್ತಿ ತಂದಿಟ್ಟಳು.

"ತಗಳ್ರಿ ನಿಮ್ಮ ಹಗ್ಗಾನ. ಬಟ್ಟೆ ಒಣಗ್ಹಾಕಾಕಾದ್ರೂ ಆಗ್ತೈತೆ."

ಇನ್ನೊಂದು ಸಲ ಕೆಟ್ಟರೆ ತಾವೂ ಬಿಡುತ್ತೇವೆಂದು ಉಳಿದ ಮನೆಯವರು ಹೇಳಿದರು. ಮೊಮ್ಮಗಳ ಮುಖ ನೋಡಲಾಗಲಿಲ್ಲ. ಅವಳು ಆ ಸಾಫ್ಟ್‌ವೇರ್ ಬರೆದವರಿಗೇ ತಿಳಿಸಿದಳು. 'ನಮ್ಮಲ್ಲಿ ಹಾಗಾಗುತ್ತಿಲ್ಲ. ಕೆಡುವ ಮೊದಲು ಅಲ್ಲಿ ಏನು ನಡೆಯುತ್ತದೆ?' ಎಂದು ಅವರು ಕೇಳಿದರು. ಮೊಮ್ಮಗಳು ಮತ್ತೆ ಬಸ್ಸು ಹತ್ತಿ ಬಂದಳು.

"ಅಜ್ಜೀ, ಯಾವಾಗ್ಲೂ ಅಮಾಸೆ ಮಾರನೇ ದಿನಾನೇ ಕೆಡ್ತೈತೆ. ಅಮಾಸೆ ದಿನ ನೀನೇನಾದ್ರೂ ಮುಟ್ತೀಯಾ?"

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಆಡಿಸುವುದಿಲ್ಲ. ಒರೆಸಿ, ಕುಂಕುಮವಿಟ್ಟು, ಊದುಬತ್ತಿ ಹಚ್ಚುತ್ತೇವೆ. ಪೆಟ್ಟಿಗೆಗೂ ನಾನು ಹಾಗೇ ಮಾಡುತ್ತಿದ್ದೆ, ನೀಲಿ ವೈರು ಕಿತ್ತಿಟ್ಟು.

"ಅದೂ ದುಡಿಯೋದೇ ಅಲ್ವೇನೇ? ಒಂದೀಟು ಸುಧಾರಿಸ್ಕಳ್ಳಿ ಅಂತ..."

ಬೈಯುತ್ತಾಳೆಂದುಕೊಂಡರೆ ಅವಳು ನನ್ನನ್ನು ತಬ್ಬಿಕೊಂಡಳು. "ಅವ್ರು ಕೇಳ್ತಿರೋದು ಇದನ್ನೇ! ಎಷ್ಟೊತ್ತು ಕಿತ್ತಿಡ್ತೀಯಾ?"

"ಒಂದು ಊದುಬತ್ತಿ ಉರಿಯೋಗಂಟ."

ಆಗಲೇ ನೀಲಿ ವೈರು ಕಿತ್ತು ಒಂದು ಹಚ್ಚಿದೆವು. ಅವಳು ಫೋನಿನಲ್ಲಿ ಹೊತ್ತು ನೋಡಿದಳು. ಪೂರ್ತಿ ಬೂದಿಯಾದ ಮೇಲೆ ವೈರು ಸಿಕ್ಕಿಸಿದೆ. ದೀಪ ಬಂತು, ಆದರೆ ಪೆಟ್ಟಿಗೆ ಟವರಿನ ಸಣ್ಣ ದಾರಿ ಬಿಡಲೇ ಇಲ್ಲ! ಬೇಗ ಸಿಕ್ಕಿಸಿದರೆ ದೊಡ್ಡ ದಾರಿಗೆ ಮರಳುತ್ತಿತ್ತು. ಅಷ್ಟು ತಡವಾದರೆ ಅದನ್ನು ಮರೆತೇಬಿಡುತ್ತಿತ್ತು. ಅಮಾವಾಸ್ಯೆಯ ರಜಾದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಾರನೇ ದಿನ ಎಂಟು ಮನೆಯವರೂ ಕೆಲಸಕ್ಕೆ ಕೂತಾಗ ಸಣ್ಣ ದಾರಿ ಸಾಲುತ್ತಿರಲಿಲ್ಲ.

ಮೊಮ್ಮಗಳು ಎಲ್ಲವನ್ನೂ ಬರೆದು ಕಳಿಸಿದಳು. ವಾರದೊಳಗೆ ತಿದ್ದಿದ ಸಾಫ್ಟ್‌ವೇರ್ ಬಂತು. ಅದರ ಕೆಳಗಿದ್ದ ಸಾಲನ್ನು ಅವಳು ಕನ್ನಡದಲ್ಲಿ ಓದಿ ಹೇಳಿದಳು: 'ತಪ್ಪು ಹಿಡಿದುಕೊಟ್ಟವರು ಒಬ್ಬ ಹುಡುಗಿ, ಮತ್ತು ಊದುಬತ್ತಿ ಹಚ್ಚಿದ ಅವಳ ಅಜ್ಜಿ.' ಮುಖ ನೋಡದವರು ನನ್ನನ್ನು ನೆನೆದರಲ್ಲ! ಅವರ ಹೊಟ್ಟೆ ತಣ್ಣಗಿರಲಿ.

ಮುಂದಿನ ಅಮಾವಾಸ್ಯೆಗೂ ಬೇಕೆಂದೇ ವೈರು ಕಿತ್ತು, ಊದುಬತ್ತಿ ಹಚ್ಚಿದೆ. ಅವರ ಹೆಸರಿನಲ್ಲಿ ಇನ್ನೊಂದನ್ನೂ ಹಚ್ಚಿದೆ. ಮಾರನೇ ದಿನ ಏಳು ಮನೆಯಲ್ಲೂ ವಿಡಿಯೊ ನಿಲ್ಲದೆ ನಡೆಯಿತು. ಸಂಜೆ ಎದುರುಮನೆಯಾಕೆ ಬಾಗಿಲಿಗೆ ಬಂದಳು.

"ನಮ್ಮ ಹಗ್ಗ ಎಲ್ಲೈತ್ರೀ?"

"ತಡಿಯವ್ವ, ಬಿಚ್ಚಿ ಕೊಡ್ತೀನಿ" ಎಂದೆ. ಹಿತ್ತಲಲ್ಲಿ ಅದರ ಮೇಲೆ ನನ್ನ ಸೀರೆ ಒಣಗುತ್ತಿತ್ತು.