ಹತ್ತನೆಯವನಾಗಲು ಹೊರಟ ಸಿಮ್ಸನ್

ಸಿಮ್ಸನ್ ಪೇಣ್ಕರ್ ಸಾಧು ಮನುಷ್ಯನಾಗಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಬೇಕೆಂದರೆ ಅವನ ಅರ್ಧ ಆಯುಷ್ಯ ಬಿಟ್ಟುಹೋಗುತ್ತದೆ. ಕತಾರಿನ ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿಗೆ ಬಂದ ಮೊದಲ ವಾರವೇ, ನೀರಿನ ಸರದಿಯಲ್ಲಿ ನುಗ್ಗಿದವನೊಬ್ಬನ ಎರಡು ಹಲ್ಲು ಉದುರಿಸಿದ್ದ. ಸಿಮ್ಸನ್ನನನ್ನು ಹಿಂದಿನಿಂದ ತಬ್ಬಿ ಎಳೆದು ತಂದವನು ಉಳ್ಳಾಲದ ಇಸ್ಮಾಯಿಲ್. ಮೊಣಕೈ ತಾಗಿ ಇಸ್ಮಾಯಿಲನ ಮೂಗಲ್ಲೂ ರಕ್ತ ಬಂತು. ಸ್ನೇಹ ಶುರುವಾದದ್ದು ಹಾಗೆ. ಆಮೇಲೆ ಆರು ವರ್ಷ ಒಂದೇ ಕೋಣೆ, ಒಂದೇ ಕಂಪನಿ ಬಸ್ಸು.

ಸಿಮ್ಸನ್ ಬಡಗಿ, ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಹುಟ್ಟಿದವನು. ಹೆಸರು ಕೇಳಿದವರು ಕ್ರಿಶ್ಚಿಯನ್ ಅಂದುಕೊಂಡರು, ಅವನು ತಿದ್ದಲಿಲ್ಲ. ಮಂಗಳೂರಿನ ಕ್ರಿಶ್ಚಿಯನ್ನರು, ರಜೆಯ ದಿನವೆಂದು ಶುಕ್ರವಾರ ನಡೆಸುತ್ತಿದ್ದ ಪ್ರಾರ್ಥನೆಗೆ ಕರೆದರೆ ಮುಸುಕೆಳೆದು ಮಲಗುತ್ತಿದ್ದ. ಇಸ್ಮಾಯಿಲನಿಗೆ ನಿಜ ಹೇಳಿದ್ದು ಎರಡನೆಯ ವರ್ಷ.

"ನಾವು ಯಹೂದಿಗಳಲೇ. ಬೆನೆ ಇಸ್ರೇಲಿ. ಅಲಿಬಾಗ್ ಕಡೆ ಗಾಣ ಹಾಕೋ ಮಂದಿ. ಶನಿವಾರ ಗಾಣ ತಿರುಗಸ್ತಿರಲಿಲ್ಲ, ಅದಕ್ಕ ಊರವರು ಶನಿವಾರದ ತೇಲಿ, ಅಂದ್ರ ಶನಿವಾರದ ಗಾಣಿಗರು ಅಂತಿದ್ರು."

"ನಿಮಗೆ ಪಳ್ಳಿ ಇಲ್ವಾ ಮಾರಾಯ?"

"ಐತಿ. ಸಿನಗಾಗ್. ಊರಾಗ ಇಸ್ರೇಲ್ ಮಶೀದಿ ಅಂತಾರ."

"ಹಾಗಾದ್ರೆ ನೀನು ಶನಿವಾರ ಡ್ಯೂಟಿಗೆ ಬರುವುದು ಹರಾಮಲ್ವಾ?"

"ನೀ ಬೀಡಿ ಸೇದೂದು? ಬಾಯಿ ಮುಚ್ಕೊಂಡು ಮಲ್ಕೋ."

ಅಜ್ಜನ ಕಾಲದಲ್ಲಿ ಅಲಿಬಾಗ್ ಬಳಿಯ ಅವರ ಹಳ್ಳಿಯಲ್ಲಿ ಅರವತ್ತು ಮನೆಗಳಿದ್ದವಂತೆ. ಯೋಮ್ ಕಿಪ್ಪೂರಿನ ಉಪವಾಸದ ದಿನ ಹೆಂಚಿನ ಸಿನಗಾಗಿನೊಳಗೆ ಕಾಲಿಡಲು ಜಾಗವಿಲ್ಲದೆ ಜನ ಅಂಗಳದಲ್ಲೇ ನಿಂತು ಪ್ರಾರ್ಥಿಸುತ್ತಿದ್ದರಂತೆ. ಆಮೇಲೆ ಒಂದೊಂದೇ ಮನೆ ಇಸ್ರೇಲಿಗೆ ಹೋಯಿತು. ಅವರ ಕಟ್ಟಳೆ ಕಠಿಣ: ಹತ್ತು ಮಂದಿ ಯಹೂದಿ ಗಂಡಸರು ಸೇರದೆ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಹೊರತೆಗೆಯುವಂತಿಲ್ಲ, ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯನ್ನೂ ಹೇಳುವಂತಿಲ್ಲ.

ಎರಡು ಸಾವಿರದ ಆರರ ಆಗಸ್ಟಿನಲ್ಲಿ ಊರಿನಿಂದ ಹನೋಖ್ ಕಾಕಾ ಫೋನ್ ಮಾಡಿದರು. ಸಿನಗಾಗ್ ನೋಡಿಕೊಳ್ಳುತ್ತಿದ್ದವರು ಅವರೇ. "ಸಿಮ್ಸನ್, ನಾಥಾನ್ ತೀರಿಹೋದ. ನಾವು ಈಗ ಒಂಬತ್ತು. ಯೋಮ್ ಕಿಪ್ಪೂರಿಗೆ ನೀನು ಬಂದರೆ ಸುರುಳಿ ತೆಗೆಯುತ್ತೇವೆ. ಇಲ್ಲದಿದ್ದರೆ ಅದನ್ನು ಮುಂಬೈಗೆ ಕಳಿಸಿ ಬಾಗಿಲಿಗೆ ಬೀಗ ಹಾಕುತ್ತೇವೆ."

ಆರು ವರ್ಷದಲ್ಲಿ ಸಿಮ್ಸನ್ ಒಮ್ಮೆಯೂ ಪ್ರಾರ್ಥಿಸಿದ್ದನ್ನು ಇಸ್ಮಾಯಿಲ್ ಕಂಡಿರಲಿಲ್ಲ. ಅಂದು ಫೋನ್ ಇಟ್ಟವನು ಗೋಡೆಗೆ ಗುದ್ದಿ ಬೆರಳ ಗೆಣ್ಣು ಒಡೆದುಕೊಂಡ.

ರಜೆ ಸಿಗುವ ಹಾಗಿರಲಿಲ್ಲ. ಡಿಸೆಂಬರಿನ ಏಷ್ಯನ್ ಗೇಮ್ಸ್‌ಗೆ ಮೊದಲು ಅಲ್ ಗರಾಫಾದ ಕಟ್ಟಡ ಮುಗಿಯಬೇಕಿತ್ತು. ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿತ್ತು. ದೇಶ ಬಿಡುವ ಪರ್ಮಿಟ್ಟಿಗೂ ಕಂಪನಿಯೇ ಸಹಿ ಹಾಕಬೇಕು, ಅದಕ್ಕೆ ಫೋರ್‌ಮನ್ ಇಬ್ರಾಹಿಂ ಹೂಂ ಅನ್ನಬೇಕು. ಇಬ್ರಾಹಿಂ ದಕ್ಷಿಣ ಲೆಬನಾನಿನವನು. ಆ ಬೇಸಿಗೆಯ ಯುದ್ಧದಲ್ಲಿ ಅವನ ತಂಗಿಯೂ ಅವಳ ಇಬ್ಬರು ಮಕ್ಕಳೂ ಇಸ್ರೇಲಿನ ಬಾಂಬಿಗೆ ಸತ್ತಿದ್ದರು. ಮೂರನೆಯ ದಿನಕ್ಕೇ ಕೆಲಸಕ್ಕೆ ಬಂದಿದ್ದ. ಅವನಿಗೂ ರಜೆ ಸಿಕ್ಕಿರಲಿಲ್ಲ.

"ತಾಯಿಗೆ ಸೀರಿಯಸ್ ಅಂತ ಹೇಳು ಮಾರಾಯ," ಅಂದ ಇಸ್ಮಾಯಿಲ್.

"ಗಟ್ಟಿಮುಟ್ಟಾಗಿರೋ ಅವ್ವನ್ನ ಹಾಸಿಗಿಗೆ ಹಾಕ್ಲೇನು? ಆಗಂಗಿಲ್ಲ."

ಸೆಪ್ಟೆಂಬರಿನಲ್ಲಿ ಎರಡು ಸಲ ಕೇಳಿದ, ಎರಡು ಸಲವೂ "ಮಾಫಿ ರಜೆ", ರಜೆ ಇಲ್ಲ, ಎಂಬ ಉತ್ತರ. ಮೂರನೆಯ ಸಲ ಕಟ್ಟಡದ ಮೂರನೆಯ ಮಹಡಿಯಲ್ಲಿ, ಹತ್ತಾರು ಜನರೆದುರು ಕೇಳಿದ.

"ಊರಲ್ಲಿ ಯಾರು ಸತ್ತರು?" ಅಂದ ಇಬ್ರಾಹಿಂ.

"ಯಾರೂ ಸತ್ತಿಲ್ಲ. ನಮ್ಮ ಸಿನಗಾಗ್ ಸಾಯ್ತಾ ಇದೆ. ನಾನು ಯಹೂದಿ."

ಮಹಡಿಯಲ್ಲಿ ಡ್ರಿಲ್ಲುಗಳು ಒಂದೊಂದಾಗಿ ನಿಂತವು. ಇಬ್ರಾಹಿಂ ಸಿಮ್ಸನ್ನನ ಮುಖಕ್ಕೆ ಉಗಿದ. ಸಿಮ್ಸನ್ ಅವನ ದವಡೆಗೆ ಗುದ್ದಿದ, ಕೆಳಗೆ ಬಿದ್ದವನ ಎದೆಗೆ ಒದ್ದ, ಸೊಂಟದ ಸುತ್ತಿಗೆಗೆ ಕೈ ಹಾಕಿದ. ಕೊಲೆಯೇ ಆಗಿಹೋಗುತ್ತದೆ ಎಂದು ಇಸ್ಮಾಯಿಲ್ ಹಾರಿ, ಹಿಂದಿನಿಂದ ಅವನ ಎರಡೂ ತೋಳುಗಳನ್ನು ಬಿಗಿಯಾಗಿ ತಬ್ಬಿದ. "ಬಿಡೋ! ಬಿಡಲೇ!" ಎಂದು ಸಿಮ್ಸನ್ ಕಿರುಚಿದ. ಇಸ್ಮಾಯಿಲ್ ಬಿಡಲಿಲ್ಲ. ಅಷ್ಟರಲ್ಲಿ ಇಬ್ರಾಹಿಂ ಎದ್ದು ಸಾರುವೆಯ ಕಬ್ಬಿಣದ ಪೈಪು ಎತ್ತಿಕೊಂಡಿದ್ದ. ಮೊದಲ ಏಟಿಗೆ ಹೆಲ್ಮೆಟ್ ಸೀಳಿ ಹಾರಿತು. ಎರಡನೆಯದಕ್ಕೆ ತಲೆ. ಮೂರನೆಯ ಏಟು ಬೀಳುವಾಗ ಇಸ್ಮಾಯಿಲನ ತೋಳಲ್ಲಿದ್ದ ಮೈ ಜೋತುಬಿದ್ದಿತ್ತು. ನಾಲ್ಕನೆಯದು ಇಸ್ಮಾಯಿಲನ ಭುಜದ ಎಲುಬು ಮುರಿಯಿತು. ಆಮೇಲೆ ಇಬ್ರಾಹಿಂ ಪೈಪು ಬಿಸಾಡಿ, ತಂಗಿಯ ಮಕ್ಕಳ ಹೆಸರು ಕೂಗುತ್ತ ತನ್ನ ಹಣೆಯನ್ನೇ ಕಾಂಕ್ರೀಟ್ ಕಂಬಕ್ಕೆ ಚಚ್ಚಿಕೊಳ್ಳತೊಡಗಿದ. ಪೊಲೀಸರು ಬರುವವರೆಗೂ ಅವನನ್ನು ಹಿಡಿಯಲು ಐದು ಜನ ಬೇಕಾದರು.

ಬದುಕಿದ್ದವನಿಗೆ ಸಿಗದ ಪರ್ಮಿಟ್ಟು ಹೆಣಕ್ಕೆ ಎಂಟು ದಿನದಲ್ಲಿ ಸಿಕ್ಕಿತು. ಜೊತೆಗೆ ಹೋಗಲು ಇಸ್ಮಾಯಿಲನಿಗೂ ರಜೆ ಕೊಟ್ಟರು.

ಯೋಮ್ ಕಿಪ್ಪೂರಿಗೆ ಮೂರು ದಿನವಿರುವಾಗ ಪೆಟ್ಟಿಗೆ ಹಳ್ಳಿಯ ಸ್ಮಶಾನಕ್ಕೆ ಬಂತು. ರಂಜಾನ್ ಉಪವಾಸದಲ್ಲಿದ್ದ ಇಸ್ಮಾಯಿಲ್ ಭುಜಕ್ಕೆ ಪಟ್ಟಿ ಕಟ್ಟಿಕೊಂಡು, ತಲೆಗೆ ಬಿಳಿ ಟೋಪಿ ಹಾಕಿಕೊಂಡು ಗುಂಡಿಯ ಬಳಿ ನಿಂತಿದ್ದ. ಅಲ್ಲಿದ್ದ ಎಲ್ಲರ ತಲೆಯ ಮೇಲೂ ಟೋಪಿಯಿತ್ತು. ಕಣ್ಣು ಮಂಜಾದ ಹನೋಖ್ ಕಾಕಾ ಜನರನ್ನು ಎಣಿಸತೊಡಗಿದರು. ಮನುಷ್ಯರನ್ನು ಒಂದು ಎರಡು ಎಂದು ಎಣಿಸುವುದು ಅವರಲ್ಲಿ ಅಪಚಾರ. ಹತ್ತು ಪದಗಳ ಒಂದು ಶ್ಲೋಕವಿದೆ, ತಲೆಗೊಂದು ಪದದಂತೆ ಹೇಳುತ್ತಾರೆ. ಕೊನೆಯ ಪದ ಇಸ್ಮಾಯಿಲನ ಮೇಲೆ ಬಿತ್ತು. ಮುದುಕರ ಮುಖ ಅರಳಿತು. ಕದ್ದೀಶ್ ಹೇಳಲು ಪುಸ್ತಕ ಬಿಚ್ಚಿದರು.

ಸುಮ್ಮನಿದ್ದರೆ ಸಾಕಿತ್ತು. ಸಿಮ್ಸನ್ನನಿಗೆ ಅವನ ಪ್ರಾರ್ಥನೆ ಸಿಗುತ್ತಿತ್ತು; ಬಹುಶಃ ಯೋಮ್ ಕಿಪ್ಪೂರಿನ ದಿನ ಸುರುಳಿಯೂ ಸಿನಗಾಗಿನ ಕಪಾಟಿನಿಂದ ಹೊರಬರುತ್ತಿತ್ತು. ಆದರೆ ತಾಯಿಯ ಹೆಸರಲ್ಲಿ ಒಂದು ಸುಳ್ಳು ಹೇಳಲೊಲ್ಲದೆ ಸತ್ತವನು ಕಣ್ಣೆದುರು ಮಲಗಿದ್ದ.

"ಕಾಕಾ, ನಾನು ಮುಸ್ಲಿಂ."

ಹನೋಖ್ ಕಾಕಾ ಪುಸ್ತಕ ಮುಚ್ಚಿ, ನೆಲದಲ್ಲಿದ್ದ ಸಲಿಕೆ ತೋರಿಸಿದರು.

"ಮಣ್ಣು ಹಾಕಲು ಹತ್ತು ಜನ ಬೇಕಿಲ್ಲ ಮಗನೇ."

ಇಸ್ಮಾಯಿಲ್ ಪಟ್ಟಿಯಿಂದ ತೋಳು ಬಿಡಿಸಿಕೊಂಡು ಸಲಿಕೆ ಎತ್ತಿದ. ಮೊದಲ ಮಣ್ಣು ಪೆಟ್ಟಿಗೆಯ ಮೇಲೆ ಧಡ್ ಎಂದು ಬಿತ್ತು. ಮುರಿದ ಎಲುಬು ಒಳಗೆ ಕಟಕಟ ಅನ್ನುತ್ತಿತ್ತು. ಸಾಕು, ಉಳಿದದ್ದು ನಾವು ಹಾಕುತ್ತೇವೆ ಎಂದು ಒಬ್ಬರು ಕೈ ಚಾಚಿದರು. ಅವನು ಕೊಡಲಿಲ್ಲ.