ಅತ್ತೆಯ ಕಿವಿಯ ಬೀಜ

ಮಾರಾಯ್ರೇ, ಇವತ್ತು ಬೆಳಿಗ್ಗೆ ಹೊಳನಗದ್ದೆಯ ನಮ್ಮ ಅತ್ತೆಯ ಕಿವಿಯಲ್ಲಿದ್ದ ಬೀಜ ಕಾಣೆಯಾಯಿತು. ಅವಳ ತಲೆನೋವಿಗೆಂದು ಮೊನ್ನೆ ಕುಮಟಾದಲ್ಲಿ ಕಿವಿ ಒತ್ತಿ ಚಿಕಿತ್ಸೆ ಮಾಡುವವರು ಸಾಸಿವೆಯಷ್ಟು ಸಣ್ಣ ಬೀಜವೊಂದನ್ನು ಪ್ಲಾಸ್ಟರ್ ತುಂಡಿನಿಂದ ಕಿವಿಗೆ ಅಂಟಿಸಿ, "ದಿನಕ್ಕೆ ಮೂರು ಸಲ ಒತ್ತಿಕೊಳ್ಳಿ" ಎಂದಿದ್ದರು.

"ಒಳಗೇ ಬಿದ್ದೋತು ತಮಾ! ನಿನ್ನೆ ಮೀವಾಗ ಕಿವಿಗೆ ನೀರೂ ಹೋಗಿತ್ತು. ಮೊಳಕೆ ಬಂದ್ರೆ ಎಂತ ಮಾಡುದು?"

ವರ್ಷವರ್ಷ ಭತ್ತದ ಬೀಜ ನೆನೆಹಾಕಿ ಮೊಳಕೆ ಬರಿಸುವ ಕೈ ಅವಳದು. ನಗಲು ನನಗೂ ಧೈರ್ಯ ಬರಲಿಲ್ಲ. ಬೈಕಿನಲ್ಲಿ ಕೂರಿಸಿಕೊಂಡು ಕಿವಿ ಡಾಕ್ಟರ ಹತ್ತಿರ ಓಡಿದೆ. ಅವರು ಬೆಳಕು ಬಿಟ್ಟು ನೋಡಿ, "ಒಳಗೆ ಎಂತದೂ ಇಲ್ಲ ಅಮ್ಮ" ಎಂದಾಗ ಇಬ್ಬರಿಗೂ ಹೋದ ಜೀವ ಬಂತು.

ಈ ಸುದ್ದಿಯನ್ನು ತೆಂಗಿನಗುಂಡಿಯ ತಂಗಿಗೆ ಹೇಳಬೇಕೆಂದು ಅತ್ತೆ ಮೊಬೈಲ್ ತೆಗೆದರೆ, ಅದರ ಕಿವಿಗಿಡುವ ಬದಿಗೇ ಪ್ಲಾಸ್ಟರ್ ಅಂಟಿಕೊಂಡಿದೆ, ಬೀಜದ ಸಮೇತ!

"ಬೆರಳಲ್ಲಿ ಒತ್ತಿ ಒತ್ತಿ ಬೇಜಾರು ಬಂತು. ಅದ್ಕೆ ಫೋನನ್ನೇ ಒತ್ತಿ ಹಿಡ್ಕಂಡು ತಂಗಿ ಹತ್ರ ಮಾತಾಡ್ತಿದ್ದೆ. ಎರಡೂ ಕೆಲಸ ಆತಲ್ಲ?"

"ತಲೆನೋವು ಹೇಗುಂಟು?"

"ಈ ಹೆದ್ರಿಕೇಲಿ ಅದು ಎಲ್ಲಿ ಹೋತೋ!"

ಒತ್ತಬೇಕಾದದ್ದು ದಿನಕ್ಕೆ ಮೂರು ಸಲ. ಅತ್ತೆಯ ತಂಗಿ ಫೋನ್ ಮಾಡುವುದು ಐದು ಸಲ. ಬೀಜವಾದರೂ ಎಷ್ಟೆಂದು ತಡೆದೀತು?