ಮನಿ ಹೆಂಗೋ ಕೆಲಸ ಹಂಗ

ನಮ್ಮ ಹೊಸಪೇಟೆ ಕಾಲೇಜಿನ ಜೀವಶಾಸ್ತ್ರದ ಮೇಡಂ ಕರವಸ್ತ್ರದಿಂದ ಕುರ್ಚಿಯ ಕೆಂಧೂಳು ಒರೆಸದೆ ಕೂತವರೇ ಅಲ್ಲ. ಮ್ಯಾಕ್ರೊಫೇಜ್ ಎಂಬ ಜೀವಕೋಶಗಳ ಪಾಠದ ದಿನ ಆ ಕರವಸ್ತ್ರವನ್ನೇ ಎತ್ತಿ ತೋರಿಸಿದರು. "ನಮ್ಮ ಮೈಯಾಗಿನ ಈ ಜೀವಕೋಶಗಳೂ ಹಿಂಗ. ಶ್ವಾಸಕೋಶದಾಗ ಧೂಳು ನುಂಗ್ತಾವ, ಲಿವರ್‌ನಾಗ ಸವೆದ ರಕ್ತಕಣ ನುಂಗ್ತಾವ, ಮಿದುಳಿನಾಗ ಕಸ ತೆಗೀತಾವ. ಮನಿ ಹೆಂಗೋ ಕೆಲಸ ಹಂಗ." ಎಲ್ಲದಕ್ಕೂ ಅವರದು ಇದೇ ಮಾತು.

ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವ ಅಪ್ಪನ ಕೆಮ್ಮು ನೆನಪಾಗಿ ಎದ್ದು ಕೇಳಿದೆ: "ಧೂಳೆಲ್ಲಾ ನುಂಗಿಬಿಡ್ತಾವೇನ್ರಿ ಮೇಡಂ? ನಮ್ಮಪ್ಪ ಅದಿರಿನ ಲಾರಿ ಓಡಸ್ತಾರ, ಭಾಳ ಕೆಮ್ಮತಾರ."

ಕರವಸ್ತ್ರ ಕೊಡವುತ್ತಿದ್ದ ಕೈ ನಿಂತಿತು. "ಇಲ್ಲಮ್ಮ, ಭಾಳ ಆದ್ರ ಅವೂ ಸೋಲ್ತಾವ. ಅಪ್ಪನ್ನ ಡಾಕ್ಟರಿಗೆ ತೋರ್ಸು, ಮಾಸ್ಕ್ ಹಾಕ್ಕೊಳ್ಳಾಕ ಹೇಳು."

ಅಪ್ಪನಿಗೆ ಪಾಠ ಪೂರ್ತಿ ಒಪ್ಪಿಸಿದೆ. ಡಾಕ್ಟರಿಗೂ ತೋರಿಸಿದೆವು, ಈಗ ಕೆಮ್ಮು ಇಳಿದಿದೆ. ಲಾರಿ ಹತ್ತುವ ಮುಂಚೆ ಅಪ್ಪ ಮಾಸ್ಕ್ ಬಿಗಿದು, ಎದೆ ತಟ್ಟಿಕೊಂಡು ಒಳಗಿನ ಧೂಳು ನುಂಗುವವರಿಗೆ ಹೇಳುತ್ತಾರೆ: "ನೀವು ಸ್ವಲ್ಪ ಕುಂದ್ರಿ, ಇವತ್ತು ನಾ ನೋಡ್ಕೋತೀನಿ."